ಆರು ಎಕರೆ, ಒಂದೂವರೆ ಇಂಚು ನೀರು: ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಬಿಟ್ಟು ಏನು ಬೆಳೆಯುವುದು?

ಕೆಂಪುಮಣ್ಣು

ಚಳ್ಳಕೆರೆ ತಾಲ್ಲೂಕಿನಲ್ಲಿ ನಮ್ಮದು ಆರು ಎಕರೆ. ನಾಲ್ಕು ಎಕರೆ ಮಳೆ ನಂಬಿದ ಮಸಾರಿ ಹೊಲ, ಉಳಿದ ಎರಡಕ್ಕೆ ಒಂದು ಕೊಳವೆಬಾವಿ. ಕೊರೆಸಿದ ದಿನ ಒಂದೂವರೆ ಇಂಚು ನೀರು ಎಂದು ಲಾರಿಯವರು ಹೇಳಿ ಹೋದರು. ಹನ್ನೊಂದು ವರ್ಷ ಬೆಂಗಳೂರಿನಲ್ಲಿ ದುಡಿದು ಈಗ ಊರಿಗೆ ಮರಳಿದ್ದೇನೆ. ಅಪ್ಪನಿಗೆ ಮೊಣಕಾಲು ನೋವು, ಹೊಲಕ್ಕೆ ಹೋಗಿ ಬದುವಿನ ಮೇಲೆ ಕುಳಿತು ಬರುವುದಷ್ಟೇ ಆಗಿದೆ.

ಅಪ್ಪ ಬುದ್ಧಿ ಬಂದಾಗಿನಿಂದ ಶೇಂಗಾ ಬಿತ್ತುತ್ತಾ ಬಂದವರು. ಕಳೆದ ಹತ್ತು ವರ್ಷದ ಫಲಿತಾಂಶವನ್ನು ಬೆರಳು ಮಡಚಿ ಹೇಳುತ್ತಾರೆ: ಮೂರು ವರ್ಷ ಕೈ ತುಂಬಿತು, ನಾಲ್ಕು ವರ್ಷ ಹಾಕಿದ್ದು ಬಂತು, ಮೂರು ವರ್ಷ ದನಕ್ಕೆ ಹೊಟ್ಟು ಮಾತ್ರ.

ಈಗ ಸಲಹೆಗಳ ಸುಗ್ಗಿ ನಡೆದಿದೆ. ಭಾವ ಅಡಿಕೆ ಹಾಕು ಎನ್ನುತ್ತಾನೆ. ಪಕ್ಕದ ಹೊಲದವರು ದಾಳಿಂಬೆ ಎನ್ನುತ್ತಾರೆ. ಸಭೆಯೊಂದರಲ್ಲಿ ಸಿರಿಧಾನ್ಯ ಬೆಳೆಯಿರಿ ಎಂದು ಭಾಷಣ ಮಾಡಿ ನವಣೆ ಪಾಯಸ ಕೊಟ್ಟು ಕಳುಹಿಸಿದರು. ಅಪ್ಪನ ಪ್ರಶ್ನೆ ಒಂದೇ: "ಶೇಂಗಾ ಬಿಟ್ಟರೆ ಎತ್ತುಗಳಿಗೆ ಏನು ಹಾಕುತ್ತೀಯ?"

ಇದೇ ಜಿಲ್ಲೆಯಲ್ಲಿ ಬೆಳೆ ಬದಲಿಸಿ ನೋಡಿದವರು ಗೆದ್ದಿದ್ದನ್ನೂ ಸೋತಿದ್ದನ್ನೂ ಹೇಳಿ. ಮುಂಗಾರಿಗೆ ಇನ್ನು ಹೆಚ್ಚು ದಿನ ಇಲ್ಲ.

ನೀರಗಂಟಿ

ಬೆಳೆ ಆಮೇಲೆ ನೋಡೋಣ, ಮೊದಲು ನೀರಿನ ಲೆಕ್ಕ ಮುಗಿಯಲಿ.

ಕೊಳವೆಬಾವಿಯವರು ಹೇಳುವ ಇಂಚು ಎಂದರೆ ವಿ-ನಾಚ್ ತಗಡಿನಲ್ಲಿ, ಅಂದರೆ ಇಂಗ್ಲಿಷಿನ ವಿ ಆಕಾರಕ್ಕೆ ಕತ್ತರಿಸಿದ ತಗಡಿನಲ್ಲಿ, ನೀರು ಏರಿದ ಎತ್ತರ. ಒಂದೂವರೆ ಇಂಚು ಎಂದರೆ ಗಂಟೆಗೆ ಸುಮಾರು 1,400 ಲೀಟರ್. ದಿನಕ್ಕೆ ಏಳು ಗಂಟೆ ತ್ರೀ ಫೇಸ್ ವಿದ್ಯುತ್ ತಪ್ಪದೆ ಬಂತೆಂದೇ ಇಟ್ಟುಕೊಳ್ಳಿ, 9,800 ಲೀಟರ್ ಆಯಿತು.

ಇನ್ನು ಅಡಿಕೆ. ಒಂಬತ್ತು ಅಡಿಗೊಂದು ಸಸಿಯಂತೆ ಎಕರೆಗೆ 540 ಗಿಡ ಹಿಡಿಯುತ್ತದೆ. ಬೆಳೆದ ಮರಕ್ಕೆ ಬೇಸಿಗೆಯಲ್ಲಿ, ಅದೂ ಹನಿ ನೀರಾವರಿಯಲ್ಲಿ, ದಿನಕ್ಕೆ 20 ಲೀಟರ್ ಕೊಡಬೇಕು. ಅಲ್ಲಿಗೆ 10,800 ಲೀಟರ್. ನಿಮ್ಮ ಬಾವಿ ತನ್ನ ಪೂರ್ತಿ ಶಕ್ತಿ ಹಾಕಿದರೂ ಒಂದು ಎಕರೆ ಅಡಿಕೆಗೆ ಸಾಲುವುದಿಲ್ಲ, ನೀವು ಎರಡು ಎಕರೆಗೆ ಹಾಕುವ ಮಾತಾಡುತ್ತಿದ್ದೀರಿ. ಇದು ಬಾವಿ ಕೊರೆದ ದಿನದ ಲೆಕ್ಕ. ಏಪ್ರಿಲ್ ಕೊನೆಯಲ್ಲಿ ಎಷ್ಟಿರುತ್ತದೆ ಎಂಬುದು ಬೇರೆ.

200 ಲೀಟರಿನ ಡ್ರಮ್ ಒಂದನ್ನು ಪೈಪಿನ ಬಾಯಿಗೆ ಇಟ್ಟು, ಮೋಟರ್ ಒಂದು ಗಂಟೆ ಓಡಿದ ಮೇಲೆ, ತುಂಬಲು ಎಷ್ಟು ನಿಮಿಷ ಬೇಕೆಂದು ಮೊಬೈಲಿನಲ್ಲಿ ನೋಡಿ. ಒಂಬತ್ತು ನಿಮಿಷದೊಳಗೆ ತುಂಬಿದರೆ ಒಂದೂವರೆ ಇಂಚು ನಿಜ. ಆ ಸಂಖ್ಯೆ ಇಲ್ಲಿ ಹಾಕಿ, ಆಮೇಲೆ ಮಾತಾಡೋಣ.

ಹೊಳಲ್ಕೆರೆ ತೋಟ

ಅಡಿಕೆ ಹಾಕಿದವರನ್ನು ದಡ್ಡರೆಂದು ತೀರ್ಮಾನಿಸುವ ಮೊದಲು ನಮ್ಮ ಮಾತೂ ಕೇಳಿ. ಭೀಮಸಮುದ್ರದ ಸುತ್ತ ಅಡಿಕೆ ಇಂದು ನಿನ್ನೆಯದಲ್ಲ. ರಾಶಿ ಅಡಿಕೆಗೆ ಕ್ವಿಂಟಲಿಗೆ ಐವತ್ತು ಸಾವಿರ ಕಂಡ ಮೇಲೆ ಯಾವ ರೈತ ಶೇಂಗಾ ಹಿಡಿದು ಕೂರುತ್ತಾನೆ? ಒಣಗಿಸಿಟ್ಟರೆ ಕೆಡುವುದಿಲ್ಲ, ದರ ನೋಡಿ ಮಾರಬಹುದು. ಆಳು ಕಡಿಮೆ. ತೋಟ ಇದೆ ಎಂದರೆ ಮಗನಿಗೆ ಹೆಣ್ಣು ಸಿಗುತ್ತದೆ, ಇದನ್ನು ಯಾವ ಕೃಷಿ ವಿಜ್ಞಾನಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅಷ್ಟು ಹೇಳಿ ಇದನ್ನೂ ಹೇಳಬೇಕು. 2017ರಲ್ಲಿ ಎರಡು ಎಕರೆ ಹೊಸದಾಗಿ ಹಾಕಿದೆ, ಹಳೆಯ ತೋಟದಿಂದ ದೂರ, ಏರಿನ ಮೇಲೆ. 2023ರಲ್ಲಿ ರಾಜ್ಯದ 223 ತಾಲ್ಲೂಕು ಬರಪೀಡಿತವೆಂದು ಘೋಷಣೆಯಾಯಿತಲ್ಲ, ಅದರ ಮುಂದಿನ ಬೇಸಿಗೆ ಬಾವಿ ಕೈಕೊಟ್ಟಿತು. ಮೊದಲ ಫಸಲು ಕಣ್ಣಿಗೆ ಕಾಣುತ್ತಿದ್ದ ಹೊತ್ತು. ಫೆಬ್ರವರಿಯಿಂದ ಟ್ಯಾಂಕರ್. ರಾತ್ರಿ ಎರಡು ಗಂಟೆಗೆ ಟ್ರ್ಯಾಕ್ಟರ್ ಬರುತ್ತಿತ್ತು, ಹಗಲು ಅದಕ್ಕೆ ಬೇರೆ ಗಿರಾಕಿಗಳು. ನಾನು ಹೆಂಡತಿ ಇಬ್ಬರೂ ಟಾರ್ಚ್ ಹಿಡಿದು ಬುಡಬುಡಕ್ಕೆ ಪೈಪ್ ತಿರುಗಿಸುತ್ತಿದ್ದೆವು. ಮಾರ್ಚ್ ಮುಗಿಯುವಷ್ಟರಲ್ಲಿ ಮೇಲಿನ ಸಾಲುಗಳ ಗರಿ ಕೊಡೆ ಮಡಚಿದಂತೆ ಇಳಿಬಿದ್ದವು. ಮತ್ತೆರಡು ಬಾವಿ ಕೊರೆಸಿದೆ, ಒಂದರಲ್ಲಿ ಬರೀ ಬಿಳಿ ಧೂಳು. ಕೊನೆಗೆ ಉಳಿದದ್ದು ಮುಕ್ಕಾಲು ತೋಟ, ಜೊತೆಗೆ ಚಿನ್ನ ಅಡವಿಟ್ಟ ಸಾಲ.

ಶೇಂಗಾ ಹೋದರೆ ಆ ವರ್ಷದ ಬೆಳೆ ಹೋಗುತ್ತದೆ. ಅಡಿಕೆ ಹೋದರೆ ಹಿಂದಿನ ಏಳು ವರ್ಷವೂ ಜೊತೆಗೇ ಹೋಗುತ್ತವೆ. ಕಾಲುವೆ ಪಕ್ಕ, ಕೆರೆಯಂಗಳದ ಕೆಳಗೆ ಇರುವವರು ಹಾಕಲಿ. ನಿಮಗೆ ನಾನು ಹೇಳಲಾರೆ.

ದೇವರಿಟ್ಟ ಹಾಗೆ

ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರು ಬಂದರೆ ಇವೆಲ್ಲ ಚರ್ಚೆಯೇ ಬೇಡ. ಸಸಿ ಈಗಲೇ ಇಟ್ಟರೆ ನೀರು ಬರುವ ಹೊತ್ತಿಗೆ ಫಸಲಿಗೆ ಬಂದಿರುತ್ತದೆ.

ನೀರಗಂಟಿ

@ದೇವರಿಟ್ಟ ಹಾಗೆ, ಈ ಮಾತನ್ನು ನಂಬಿ ಸಸಿ ಇಟ್ಟವರು ನಮ್ಮೂರಲ್ಲೇ ಹಲವರಿದ್ದಾರೆ. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದ ವಾರ ನರ್ಸರಿಗಳಲ್ಲಿ ಸಸಿ ಸಿಗಲಿಲ್ಲ. ಆ ಹಣಕ್ಕಾಗಿ ನಂತರ ಎಷ್ಟು ಪಾದಯಾತ್ರೆ, ಎಷ್ಟು ಬಂದ್ ಆದವೆಂದು ನಿಮಗೂ ಗೊತ್ತು.

ನೀರು ಬಂತು ಎಂದೇ ಇಟ್ಟುಕೊಳ್ಳೋಣ. ಯೋಜನೆಯ ಒಟ್ಟು ಹಂಚಿಕೆ 29.9 ಟಿಎಂಸಿ, ಅದರಲ್ಲಿ ತುಂಗೆಯಿಂದ ಎತ್ತುವುದು 17.4. ನೀರುಣಿಸಬೇಕಾದದ್ದು ನಾಲ್ಕು ಜಿಲ್ಲೆಗಳ 2.25 ಲಕ್ಷ ಹೆಕ್ಟೇರ್, ಜೊತೆಗೆ 367 ಕೆರೆ. ಕೆರೆಗೆ ಒಂದು ಹನಿಯೂ ಬಿಡದೆ, ಆವಿಯೂ ಆಗದೆ ಎಲ್ಲವೂ ಹೊಲಕ್ಕೇ ಬಂದರೂ ಎಕರೆಗೆ 15 ಲಕ್ಷ ಲೀಟರ್. ಡಿಸೆಂಬರಿನಿಂದ ಮೇವರೆಗಿನ ಆರು ತಿಂಗಳಲ್ಲಿ ಒಂದು ಎಕರೆ ಅಡಿಕೆ ಕುಡಿಯುವುದು 19 ಲಕ್ಷ ಲೀಟರಿಗೂ ಹೆಚ್ಚು. ಯೋಜನೆ ರೂಪಿಸಿದವರು ಹನಿ ನೀರಾವರಿ, ಅರೆ ಒಣ ಬೆಳೆ ಎಂದು ಬರೆದಿಟ್ಟದ್ದು ಸುಮ್ಮನೆ ಅಲ್ಲ.

ವಿ.ವಿ. ಸಾಗರದ ಕೆಳಗೆ

ಹಿರಿಯೂರಿನವನು ನಾನು. ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಜಲಾಶಯ, 1933ರಲ್ಲಿ ಕೋಡಿ ಬಿದ್ದದ್ದನ್ನು ಅಜ್ಜ ಹೇಳುತ್ತಿದ್ದರು, ನಾವು ಕಂಡದ್ದು 2022ರಲ್ಲಿ. ಮಧ್ಯೆ 89 ವರ್ಷ. ತೆಂಗು ಹಾಕಿದವರು ಒಂದು ಕೋಡಿಯಿಂದ ಇನ್ನೊಂದು ಕೋಡಿಯವರೆಗೆ ಎಷ್ಟು ಸಲ ಒಣಗಿಸಿಕೊಂಡರೆಂದು ಕೇಳಬೇಡಿ. ಕೋಡಿ ಬಿದ್ದ ಮರುವರ್ಷವೇ ನಮ್ಮ ಕಡೆಯೂ ಅಡಿಕೆ ಸಸಿಯ ಲಾರಿಗಳು ಸಾಲುಗಟ್ಟಿದವು. ಮರೆವು ಎಂಬುದು ದೊಡ್ಡ ಗೊಬ್ಬರ ಸ್ವಾಮಿ.

ಹಳೆ ಕೂರಿಗೆ

ಕೃಷಿ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿ ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರವಾದರೆ ದಾಟಿ ಹೋಗಿ.

ಈ ಜಿಲ್ಲೆ ಬೆಳೆ ಬದಲಿಸುತ್ತಿರುವುದು ಇದೇ ಮೊದಲಲ್ಲ. ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯೊಳಗೇ ಇದ್ದ ಕಾಲದಲ್ಲಿ, ಅಂದರೆ 1997ಕ್ಕೆ ಮುಂಚೆ, ಅಲ್ಲಿನ ಗಿರಣಿಗಳನ್ನು ನಂಬಿ ಹತ್ತಿ ಇತ್ತು. ಗಿರಣಿಗಳು ಮುಚ್ಚಿದವು, ಹತ್ತಿ ಹಿಂದೆ ಸರಿಯಿತು, ಆ ಜಾಗಕ್ಕೆ ಮೆಕ್ಕೆಜೋಳ ಬಂತು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಗಿರಣಿಗಳು ಎಷ್ಟಿದ್ದವೆಂದರೆ ಊರಿಗೆ ಎಣ್ಣೆ ನಗರಿ ಎಂದೇ ಹೆಸರು. ಬಸ್ಸಿನಿಂದ ಇಳಿಯುತ್ತಿದ್ದಂತೆ ಹಿಂಡಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾಯಿತು. ಅಗ್ಗದ ಪಾಮೋಲಿನ್ ಎದುರು ಗಾಣಗಳು ಒಂದೊಂದಾಗಿ ನಿಂತವು. ಶೇಂಗಾ ಬೆಳೆಗಾರ ಸೋತದ್ದು ಮಳೆಯಿಂದ ಮಾತ್ರ ಎಂದು ಬರೆಯುವವರು ಈ ಅಧ್ಯಾಯವನ್ನು ಬಿಟ್ಟೇ ಬರೆಯುತ್ತಾರೆ.

ತಪ್ಪು ನಮ್ಮ ಕಡೆಯೂ ಇತ್ತು. ಟಿಎಂವಿ-2 ಎಂಬ ತಳಿ 1940ರ ಸುಮಾರಿನದು. ಅದನ್ನೇ ಐವತ್ತು ಅರವತ್ತು ವರ್ಷ ಬಿತ್ತಿದೆವು, ಬಿತ್ತಿಸಿದೆವು. ತಿಕ್ಕಾ ಚುಕ್ಕೆ, ತುಕ್ಕು ರೋಗ ಬಂದರೆ ಎಲೆ ಉದುರಿ ಕಡ್ಡಿ ಉಳಿಯುತ್ತಿತ್ತು. ಧಾರವಾಡದ ಜಿಪಿಬಿಡಿ-4 ಅವೆರಡನ್ನೂ ತಡೆಯುತ್ತಿತ್ತು, ಆದರೆ ಬೀಜ ಹಳ್ಳಿಗೆ ಮುಟ್ಟಲಿಲ್ಲ. ಆಮೇಲೆ ಆಂಧ್ರದ ಗಡಿ ದಾಟಿ ಕದಿರಿ-6 ಬಂತು, ಈಗ ಕದಿರಿ ಲೇಪಾಕ್ಷಿ. ಎರಡನ್ನೂ ರೈತರು ತಾವೇ ಹುಡುಕಿಕೊಂಡು ಹೋಗಿ ತಂದರು.

2009ರಲ್ಲಿ ಸರ್ಕಾರದ ಭೂಚೇತನ ಯೋಜನೆ ಶುರುವಾದಾಗ ಮಣ್ಣು ಪರೀಕ್ಷೆಯಲ್ಲಿ ಕಂಡದ್ದು ಗಂಧಕ, ಸತು, ಬೋರಾನ್ ಕೊರತೆ. ಅಲ್ಲಿಯವರೆಗೆ ನಾವು ಡಿಎಪಿ ಗೊಬ್ಬರದ ಚೀಟಿ ಬರೆಯುತ್ತಾ ಇದ್ದೆವು. ಊಡು (ಹೂವಿನಿಂದ ಹೊರಟು ಕಾಯಿ ಕಟ್ಟುವ ಎಳೆ) ನೆಲಕ್ಕೆ ಇಳಿಯುವ ಹೊತ್ತಿಗೆ ಎಕರೆಗೆ ಎರಡು ಕ್ವಿಂಟಲ್ ಜಿಪ್ಸಂ ಕೊಟ್ಟು ಮಣ್ಣು ಏರಿಸಿದ ಹೊಲದ ಕಾಯಿಗೂ ಕೊಡದ ಹೊಲದ ಕಾಯಿಗೂ ವ್ಯತ್ಯಾಸ ನೋಡಲು ವಿಜ್ಞಾನಿ ಬೇಕಾಗಿಲ್ಲ, ಹಿಡಿ ತುಂಬ ಕಿತ್ತು ಕಿವಿಯ ಬಳಿ ಅಲ್ಲಾಡಿಸಿದರೆ ಸಾಕು. ಜೊಳ್ಳು ಗಿಲಗಿಲ ಎನ್ನುತ್ತದೆ.

ಹೇಳಬೇಕಾದದ್ದು ಇಷ್ಟು: ಶೇಂಗಾ ಬಿಟ್ಟು ಮೆಕ್ಕೆಜೋಳ, ಮೆಕ್ಕೆಜೋಳ ಬಿಟ್ಟು ಅಡಿಕೆ, ಇದಕ್ಕೆ ಬೆಳೆ ವೈವಿಧ್ಯ ಎಂದು ವರದಿಯಲ್ಲಿ ಬರೆಯುತ್ತಾರೆ. ನಾನೂ ಬರೆದಿದ್ದೇನೆ. ಇಡೀ ಊರು ಒಂದೇ ಬೆಳೆಯಿಂದ ಇನ್ನೊಂದೇ ಬೆಳೆಗೆ ಹಾರುವುದರಲ್ಲಿ ವೈವಿಧ್ಯ ಎಲ್ಲಿಂದ ಬರಬೇಕು? ನಮ್ಮಪ್ಪನ ಕಾಲದಲ್ಲಿ ಒಂದೇ ಹೊಲದಲ್ಲಿ ಶೇಂಗಾದ ಎಂಟು ಸಾಲಿಗೊಂದು ತೊಗರಿಯ ಅಕ್ಕಡಿ (ಮಿಶ್ರಬೆಳೆಯ ಸಾಲು), ಬದುವಿನ ಸುತ್ತ ಜೋಳ, ನಡುನಡುವೆ ಅಲಸಂದೆ, ಅಂಚಿಗೆ ಹುಚ್ಚೆಳ್ಳು. ಶೇಂಗಾ ನಾಲ್ಕು ತಿಂಗಳಿಗೆ ಬಂದರೆ ತೊಗರಿ ಆರು ತಿಂಗಳಿಗೆ. ಮಘೆ ಕೈಕೊಟ್ಟರೆ ಶೇಂಗಾ ಹೋಯಿತು, ಹಸ್ತೆ ಚಿತ್ತೆ ಬಂದರೆ ತೊಗರಿ ಉಳಿಯಿತು. ವಿಮೆ ಹೊಲದೊಳಗೇ ಇತ್ತು.

ಮೆಕ್ಕೆಜೋಳದವನು

ಹಿರಿಯರು ಅಕ್ಕಡಿಯ ನೆನಪು ತೆಗೆದರೆ ಕೇಳಲು ಹಿತವಾಗಿರುತ್ತದೆ. ಅದನ್ನು ಕಟಾವು ಮಾಡಿದವರು ಯಾರು ಎಂದೂ ಹೇಳಿ. ಜೋಳ ಕೊಯ್ಯಲು ಒಂದು ದಿನ, ಅಲಸಂದೆ ಬಿಡಿಸಲು ವಾರಕ್ಕೆರಡು ಸಲ, ಶೇಂಗಾ ಕೀಳಲು ಹತ್ತು ಆಳು, ತೊಗರಿ ಕಡಿದು ಬಡಿಯಲು ಮತ್ತೆ ಆಳು. ಆಗ ಮನೆಯಲ್ಲಿ ಹದಿನಾಲ್ಕು ಜನ ಇದ್ದರು. ಈಗ ನಾನು, ಹೆಂಡತಿ, ಮತ್ತು ಕೇಳಿದಷ್ಟು ಕೊಟ್ಟರೂ ಬಾರದ ಕೂಲಿ.

ಮೆಕ್ಕೆಜೋಳ ಬಿತ್ತಿದೆ, ಕಳೆನಾಶಕ ಹೊಡೆದೆ, ಎರಡು ಸಲ ಯೂರಿಯಾ ಹಾಕಿದೆ, ಯಂತ್ರ ಬಂತು, ಲಾರಿಗೆ ತುಂಬಿತು. ಕೋಳಿ ಫಾರಂ, ಪಿಷ್ಟದ ಕಾರ್ಖಾನೆ, ಈಗ ಎಥೆನಾಲ್, ಕೊಳ್ಳುವವರಿಗೆ ಕೊರತೆ ಇಲ್ಲ. 2018ರಲ್ಲಿ ಶಿವಮೊಗ್ಗದಲ್ಲಿ ಮೊದಲು ಕಂಡ ಸೈನಿಕ ಹುಳು ನಮ್ಮನ್ನು ಕಾಡಿತು, ನಿಜ. ಸುಳಿಯೊಳಗೆ ಮರದ ಪುಡಿಯಂತೆ ಹಿಕ್ಕೆ ತುಂಬಿ ನಿಂತಿದ್ದನ್ನು ಕಂಡ ದಿನ ಊಟ ಸೇರಲಿಲ್ಲ. ಆದರೂ ಮರುವರ್ಷ ಅದನ್ನೇ ಬಿತ್ತಿದೆ.

ಹಳೆ ಕೂರಿಗೆ

ಆಳಿನ ಮಾತು ಒಪ್ಪಿದೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಕೊಳ್ಳುವವರ ಮಾತು ಒಪ್ಪುವುದಿಲ್ಲ. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ 2,400 ರೂಪಾಯಿ ಎಂದು ಘೋಷಿಸಿದ್ದರು. ಆ ಸುಗ್ಗಿಯಲ್ಲಿ ಮಾರುಕಟ್ಟೆಯಲ್ಲಿ ಕೂಗಿದ ದರ ಎಷ್ಟೆಂದು ನಿಮಗೇ ಗೊತ್ತಿದೆ. ರೈತರು ಹೆದ್ದಾರಿ ತಡೆದು ಕುಳಿತದ್ದು ದರ ಚೆನ್ನಾಗಿತ್ತು ಎಂದೇ?

ಮೆಕ್ಕೆಜೋಳದವನು

ಕುಳಿತವರಲ್ಲಿ ನಾನೂ ಇದ್ದೆ. ನನಗೆ ಬೇರೆ ದಾರಿ ತೋರಿಸಿ, ನಾಳೆಯೇ ಬಿಡುತ್ತೇನೆ.

ಮಡಿಲು

ಇಲ್ಲಿ ಬರೆಯುತ್ತಿರುವವರೆಲ್ಲ ಗಂಡಸರು ಎಂದು ಕಾಣುತ್ತದೆ, ಅದಕ್ಕೇ ಅಕ್ಕಡಿ ಹೋದದ್ದು ಆಳಿಲ್ಲದೆ ಎಂದು ಎಲ್ಲರೂ ಒಪ್ಪಿಬಿಟ್ಟಿರಿ. ನಮ್ಮ ಹೊಲದಲ್ಲಿ ಅದು ಹೋದದ್ದು ಆಳಿನಿಂದಲ್ಲ, ಅಟ್ರಾಜಿನ್‌ನಿಂದ. ಮೆಕ್ಕೆಜೋಳಕ್ಕೆ ಹೊಡೆಯುವ ಆ ಕಳೆನಾಶಕ ಅಗಲ ಎಲೆಯದ್ದನ್ನೆಲ್ಲ ಸುಡುತ್ತದೆ. ತೊಗರಿ, ಅವರೆ, ಅಲಸಂದೆ ಎಲ್ಲವೂ ಅಗಲ ಎಲೆಯವೇ. ಒಂದು ಸಲ ಹೊಡೆದ ಮೇಲೆ ಅಕ್ಕಡಿ ಹಾಕುವ ಮಾತೇ ಇಲ್ಲ. ಅದರ ಜೊತೆ ಅಣ್ಣೆ ಸೊಪ್ಪು, ಗೋಣಿ ಸೊಪ್ಪು ಎಲ್ಲ ಹೋದವು. ನಮ್ಮತ್ತೆ ಕಳೆ ಕೀಳಲು ಹೋದರೆ ಸಂಜೆ ಮಡಿಲಲ್ಲಿ ಬೆರಕೆ ಸೊಪ್ಪು ಇಲ್ಲದೆ ಬಂದವರಲ್ಲ. ಈಗ ಹೊಲವಿರುವ ನಾನು ಸಂತೆಯಲ್ಲಿ ಕಟ್ಟು ಸೊಪ್ಪು ಕೊಳ್ಳುತ್ತೇನೆ. ಬೇಳೆ, ಅವರೆಕಾಳು ಕೂಡ ಅಂಗಡಿಯಿಂದ. ಮೆಕ್ಕೆಜೋಳದಿಂದ ಬಂದ ಹಣದಲ್ಲಿ ಇದನ್ನೆಲ್ಲ ಕಳೆದು ಎಷ್ಟು ಉಳಿಯಿತೆಂದು ಯಾವ ಗಂಡಸೂ ಲೆಕ್ಕ ಹಾಕಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಮಾತು. ಶೇಂಗಾ ಬಿಡಿಸುವ ಕೆಲಸ ಊರಿನ ಹೆಂಗಸರ ಕೈಗೆ ಸ್ವಂತ ಹಣ ಬರುವ ಕಾಲ. ಅಡಿಕೆ ಬಂದ ಊರುಗಳಲ್ಲಿ ಅದು ನಿಂತಿದೆ. ಭೂಮಿ ಇಲ್ಲದವರು ಅಲ್ಲಿಂದ ಎಲ್ಲಿಗೆ ಹೋದರು ಎಂದು ಕೇಳಿ ನೋಡಿ.

ಅಪ್ಪ ಕೇಳಿದ ಎತ್ತಿನ ಪ್ರಶ್ನೆ ಸಣ್ಣದಲ್ಲ @ಕೆಂಪುಮಣ್ಣು. ಅದಕ್ಕೆ ಉತ್ತರ ಸಿಗುವವರೆಗೆ ಶೇಂಗಾ ಪೂರ್ತಿ ಬಿಡಬೇಡಿ.

ಮೆಕ್ಕೆಜೋಳದವನು

@ಮಡಿಲು, ಇದು ನನಗೆ ಹೊಳೆದಿರಲಿಲ್ಲ. ಸುಮ್ಮನಾಗುತ್ತೇನೆ.

ಕುರಿದೊಡ್ಡಿ

ಸುಗ್ಗಿ ಮುಗಿದ ಹೊಲದಲ್ಲಿ ನಮ್ಮ ಮಂದೆ ತರುಬಿಸಿಕೊಂಡು ಕಾಳು ಹಣ ಕೊಡುತ್ತಿದ್ದ ಕಾಲವಿತ್ತು. ಒಂದು ರಾತ್ರಿ ಇನ್ನೂರು ಕುರಿ ಮಲಗಿ ಎದ್ದ ನೆಲಕ್ಕೆ ಬೇರೆ ಗೊಬ್ಬರ ಬೇಡ. ಈಗ ದಾರಿಯುದ್ದಕ್ಕೂ ತೋಟದ ತಂತಿಬೇಲಿ, ಅತ್ತ ಅಮೃತಮಹಲ್ ಕಾವಲಿನ ಹುಲ್ಲುಗಾವಲಿಗೆ ಕಾಂಪೌಂಡ್ ಗೋಡೆ. ಮಂದೆ ಡಾಂಬರು ರಸ್ತೆಯ ಮೇಲೆಯೇ ಹೋಗಬೇಕು. ನಾಲ್ಕು ಎಕರೆ ಮಳೆಯಾಶ್ರಿತ ಇದ್ದರೆ ಹತ್ತು ಕುರಿ ಸಾಕಿ. ಬೆಳೆ ಒಣಗಿದ ವರ್ಷವೂ ಕುರಿಗೆ ಬೆಲೆ ಇರುತ್ತದೆ.

ದಾಳಿಂಬೆ ಕಂಡವನು

ಹೊಸದುರ್ಗ ಕಡೆಯವನು. ದಾಳಿಂಬೆಯ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನೀರು ಅಡಿಕೆಗಿಂತ ಬಹಳ ಕಡಿಮೆ ಸಾಕು, ಒಣ ಹವೆ ಬೇಕು, ಆ ಮಟ್ಟಿಗೆ ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ್ದು. ಭಗವಾ ತಳಿಯ ಮೂರು ಫಸಲು ತೆಗೆದು ಮನೆ ಕಟ್ಟಿಸಿದೆ. ನಾಲ್ಕನೆಯದರಲ್ಲಿ ದುಂಡಾಣು ಅಂಗಮಾರಿ ಬಂತು. ಮೊದಲು ಎಲೆಯ ಮೇಲೆ ಎಣ್ಣೆ ಚಿಮ್ಮಿದಂಥ ಸಣ್ಣ ಚುಕ್ಕೆ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಂಥದ್ದು. ಒಂದು ವಾರ ಮೋಡ ಕವಿದು ಜಿಟಿಜಿಟಿ ಹಿಡಿಯಿತು. ಮಳೆ ನಿಂತಾಗ ಕಾಯಿಗಳು ಇಂಗ್ಲಿಷಿನ ಎಲ್, ವೈ ಅಕ್ಷರಗಳಂತೆ ಸೀಳಿ ನಿಂತಿದ್ದವು. ಔಷಧಿ ಅಂಗಡಿಯವನು ಕೊಟ್ಟಿದ್ದನ್ನೆಲ್ಲ ಹೊಡೆದೆ, ಅವನ ಅಂಗಡಿಯೇನೋ ಚೆನ್ನಾಗಿ ನಡೆಯಿತು.

ಮಾಡುವುದಾದರೆ ಹಸ್ತ ಬಹಾರ್ ಮಾಡಿ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಹೂ ಬಿಡಿಸಿದರೆ ಕಾಯಿ ಬೆಳೆಯುವುದು ಒಣ ಹವೆಯಲ್ಲಿ, ಅಂಗಮಾರಿಯ ಕಾಟ ಕಡಿಮೆ. ರೋಗ ಇರುವ ತೋಟದ ಗೂಟಿ ಸಸಿಯನ್ನು, ಅಂದರೆ ಗಿಡದ ಕೊಂಬೆಗೇ ಬೇರು ಬರಿಸಿ ಕತ್ತರಿಸಿದ್ದನ್ನು, ಎಂದೂ ತರಬೇಡಿ. ಮತ್ತು ಮೊದಲ ಬಾರಿಗೆ ತೋಟ ಮಾಡುವವರು ಸಾಲ ಮಾಡಿ ಮಾಡಬೇಡಿ. ಪಕ್ಕದ ಹೊಲದವರನ್ನು ಕೇಳಿ, ಅವರ ತೋಟಕ್ಕೆ ಎಷ್ಟನೇ ವರ್ಷ ಎಂದು. ಮೂರನೆಯದಾದರೆ ಅವರ ಸಲಹೆ ಇನ್ನೆರಡು ವರ್ಷ ಬಿಟ್ಟು ಕೇಳಿ.

ರೇಷ್ಮೆಗೂಡು

ನಾನು ಹಿಪ್ಪುನೇರಳೆ ಹೇಳುತ್ತೇನೆ. ಕಾರಣ ಹಣದ ಮೊತ್ತವಲ್ಲ, ಹಣ ಬರುವ ತಿಂಗಳು. ಶೇಂಗಾದ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಬರುವ ಮೊದಲೇ ಅಂಗಡಿಯ ಖಾತೆಗೆ ಹೋಗಿರುತ್ತದೆ. ಚಾಕಿ ಹುಳು (ಬೇರೆಡೆ ಸಾಕಿದ ಎಳೆಯ ರೇಷ್ಮೆ ಹುಳು) ತಂದರೆ ಮೂರು ವಾರದೊಳಗೆ ಗೂಡು. ವರ್ಷಕ್ಕೆ ಐದು ಬೆಳೆ ತೆಗೆದರೆ ಐದು ಸಲ ಕೈಗೆ ಹಣ. ಒಂದು ಹೋದರೂ ನಾಲ್ಕು ಉಳಿದಿರುತ್ತವೆ.

ಬಾವಿ ಸೊರಗಿದರೆ ಅಡಿಕೆಯಂತೆ ಸಾಯುವುದೂ ಇಲ್ಲ. ಬೇಸಿಗೆಯಲ್ಲಿ ಒಂದು ಬೆಳೆ ಬಿಟ್ಟು, ಗಿಡ ಕತ್ತರಿಸಿ ಸುಮ್ಮನಿದ್ದರೆ ಮಳೆ ಬಿದ್ದ ಹದಿನೈದು ದಿನಕ್ಕೆ ಮತ್ತೆ ಚಿಗುರುತ್ತದೆ. ನಿಮ್ಮ ನೀರಿಗೆ ಅರ್ಧ ಎಕರೆ ವಿ-1 ತಳಿಯನ್ನು, ಅಗಲ ಸಾಲಿನಲ್ಲಿ, ಮರಗಡ್ಡಿಯಾಗಿ (ಸಣ್ಣ ಮರದಂತೆ) ಬೆಳೆಸಿ. ಹುಳು ತಿಂದುಳಿದ ಕಡ್ಡಿ ಎಲೆ ದನಕ್ಕೆ, ಕುರಿಗೆ. ಅಪ್ಪನ ಪ್ರಶ್ನೆಗೆ ಕಾಲು ಭಾಗ ಉತ್ತರ ಅಲ್ಲಿದೆ.

ಕಷ್ಟಗಳನ್ನು ಮುಚ್ಚಿಡುವುದಿಲ್ಲ. ಹುಳು ನಾಲ್ಕನೇ ಜ್ವರ (ಕೊನೆಯ ಸಲ ಪೊರೆ ಬಿಡುವುದು) ಎದ್ದ ಮೇಲೆ ಒಂದು ವಾರ ಮನೆಯಲ್ಲಿ ಯಾರೂ ಮದುವೆ ಮುಂಜಿಗೆ ಹೋಗುವ ಹಾಗಿಲ್ಲ. ರಾತ್ರಿ ಹನ್ನೊಂದಕ್ಕೂ ಸೊಪ್ಪು ಹಾಕಬೇಕು. ಹುಳು ಮೇಯುವ ಸದ್ದು ತಗಡಿನ ಮೇಲೆ ತುಂತುರು ಬಿದ್ದಂತೆ ಕೇಳುತ್ತಿರುತ್ತದೆ. ಪಕ್ಕದ ಹೊಲದವರು ಕೀಟನಾಶಕ ಹೊಡೆದ ದಿನ ಗಾಳಿ ನಮ್ಮ ಕಡೆ ಬೀಸಿದರೆ ಎರಡು ದಿನದಲ್ಲಿ ತಟ್ಟೆ ತಟ್ಟೆಯೇ ಖಾಲಿ. ನನಗೆ ಹಾಗಾಗಿದೆ, ಆ ಪಕ್ಕದವರೊಡನೆ ಈಗಲೂ ಮಾತಿಲ್ಲ.

ಸಾಮೆ ಅಕ್ಕಿ

ಸಿರಿಧಾನ್ಯವನ್ನು ನವಣೆ ಪಾಯಸದಲ್ಲಿ ಮುಗಿಸಿಬಿಟ್ಟಿರಿ. ಸ್ವಲ್ಪ ನ್ಯಾಯ ಇರಲಿ. ಶೇಂಗಾಕ್ಕೆ ಎಕರೆಗೆ ನಲವತ್ತು ಐವತ್ತು ಕಿಲೋ ಬೀಜ ಬೇಕು, ಅದು ಮೊಳೆಯದಿದ್ದರೆ ಅರ್ಧ ಖರ್ಚು ಬಿತ್ತಿದ ದಿನವೇ ಮಣ್ಣುಪಾಲು. ಸಾಮೆ, ನವಣೆಗೆ ನಾಲ್ಕು ಕಿಲೋ ಸಾಕು. ಮುಂಗಾರು ತಡವಾದರೆ, ಶೇಂಗಾ ಬಿತ್ತುವ ಹದ ತಪ್ಪಿದರೆ, ಆಗಸ್ಟ್ ಕೊನೆಗೂ ಕೊರಲೆ ಬಿತ್ತಿ ಬೆಳೆ ತೆಗೆಯಬಹುದು. ಹುಲ್ಲಂತೂ ಖಂಡಿತ.

ತೊಡಕು ಮಾರಾಟದಲ್ಲಿ. ಕೇಂದ್ರದ ಬೆಂಬಲ ಬೆಲೆ ರಾಗಿ, ಜೋಳ, ಸಜ್ಜೆಗೆ ಇದೆ, ಸಾಮೆ ನವಣೆಗಳಿಗೆ ಇಲ್ಲ. ರಾಜ್ಯದ ರೈತಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ ಹತ್ತು ಸಾವಿರ ಕೊಟ್ಟ ವರ್ಷ ಎಲ್ಲರೂ ಬಿತ್ತಿದರು, ಮಾರುವಾಗ ದರ ಬಿತ್ತು. ಅಂಗಡಿಯಲ್ಲಿ ಪೊಟ್ಟಣದ ಮೇಲೆ ಇರುವ ಬೆಲೆಗೂ ನಮಗೆ ಸಿಗುವುದಕ್ಕೂ ಮಧ್ಯೆ ಇರುವುದು ಹೊಟ್ಟು ಬಿಡಿಸುವ ಯಂತ್ರ. ಅದು ಹತ್ತಿರದಲ್ಲಿದ್ದರೆ ಒಂದು ಎಕರೆ ಬಿತ್ತಿ, ಇಲ್ಲದಿದ್ದರೆ ಮನೆಯ ಊಟಕ್ಕಷ್ಟೇ.

ಹಳೆ ಕೂರಿಗೆ

ಒಂದು ಉಪಯೋಗದ ಮಾತು. ನಾಲ್ಕು ಎಕರೆಗೆ ಕೃಷಿ ಹೊಂಡ ಮಾಡಿಸಿದ್ದೀರಾ? ಕೃಷಿ ಭಾಗ್ಯ ಯೋಜನೆಯಲ್ಲಿ 21 ಮೀಟರ್ ಉದ್ದಗಲ, 3 ಮೀಟರ್ ಆಳದ್ದು ಸಿಕ್ಕರೆ ಇಳಿಜಾರು ಕಳೆದು ಒಂಬತ್ತು ಲಕ್ಷ ಲೀಟರ್ ಹಿಡಿಯುತ್ತದೆ. ಒಂದು ಎಕರೆಗೆ ಒಂದು ಇಂಚು ಮಳೆ ಎಂದರೆ ಒಂದು ಲಕ್ಷ ಲೀಟರ್. ಆವಿಯಾದದ್ದು ಬಿಟ್ಟರೂ ನಾಲ್ಕೂ ಎಕರೆಗೆ ಒಂದು ಕೈ ನೀರು ಖಂಡಿತ, ಎರಡನೆಯದಕ್ಕೂ ಸಾಕಾದೀತು. "ಹೊಯ್ದರೆ ಮಘೆ, ಇಲ್ಲದಿದ್ದರೆ ಧಗೆ" ಎನ್ನುತ್ತಾರಲ್ಲ, ಆ ಹದಿಮೂರು ಹದಿನಾಲ್ಕು ದಿನ ದಾಟಿಸಲು ಅಷ್ಟು ಸಾಕು. ಸುತ್ತ ಬೇಲಿ ಮರೆಯಬೇಡಿ, ಪಾಲಿಥಿನ್ ಹಾಳೆ ಜಾರುತ್ತದೆ, ಮಕ್ಕಳು ಬಿದ್ದರೆ ಮೇಲೆ ಬರಲಾಗುವುದಿಲ್ಲ. ಹಗ್ಗ ಕಟ್ಟಿಡಿ.

ಫಸಲ್ ಬಿಮಾ ಮಾಡಿಸುವಾಗ, ಪಹಣಿಯಲ್ಲಿ ಮತ್ತು ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ವಿಮೆಯ ಬೆಳೆಯೂ ಒಂದೇ ಆಗಿರಲಿ. ಅಕ್ಕಡಿ ಹಾಕಿದವರ ಹೊಲದ ಫೋಟೊ ತೊಗರಿ ಸಾಲಿನ ಮುಂದೆ ನಿಂತು ತೆಗೆದು, ತೊಗರಿ ಎಂದೇ ದಾಖಲಾಗಿ, ಶೇಂಗಾದ ಪರಿಹಾರ ತಿರಸ್ಕೃತವಾದದ್ದನ್ನು ನೋಡಿದ್ದೇನೆ. ಸಮೀಕ್ಷೆಯನ್ನು ನೀವೇ ಮಾಡಿ.

ಕೆಂಪುಮಣ್ಣು

ಎಲ್ಲರಿಗೂ ನಮಸ್ಕಾರ. ಮೂರು ದಿನ ಬರೆಯಲಾಗಲಿಲ್ಲ.

ಡ್ರಮ್ ಇಟ್ಟೆ. ಅಪ್ಪ ಬದುವಿನ ಮೇಲೆ ಕುಳಿತು ನೋಡುತ್ತಿದ್ದರು. ಒಂಬತ್ತು ನಿಮಿಷಕ್ಕೆ ಅರ್ಧ ದಾಟಿತ್ತು ಅಷ್ಟೇ. ಹದಿನೈದಕ್ಕೆ ಪೈಪ್ ಒಮ್ಮೆ ಗಾಳಿ ಉಗುಳಿತು. ತುಂಬಿದ್ದು ಹದಿನೇಳು ನಿಮಿಷಕ್ಕೆ. ಅಂದರೆ ಗಂಟೆಗೆ 700 ಲೀಟರ್, ಏಳು ಗಂಟೆಗೆ 4,900. ಅಡಿಕೆಯಾದರೆ 245 ಗಿಡ. ಭಾವನಿಗೆ ಈ ಸಂಖ್ಯೆ ಹೇಳಿದೆ, ಅವನು ಇನ್ನೊಂದು ಬಾವಿ ಕೊರೆಸು ಎಂದ. ಫೋನ್ ಇಟ್ಟೆ.

ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇವೆ. ಬಾವಿಯ ಕೆಳಗೆ ಅರ್ಧ ಎಕರೆ ಹಿಪ್ಪುನೇರಳೆ, ಹುಳುಮನೆ ಈ ವರ್ಷ ಬೇಡ, ಸೊಪ್ಪು ಬೆಳೆಯುವವರೆಗೆ ಕಲಿಯುತ್ತೇನೆ. ಉಳಿದ ಒಂದೂವರೆಯಲ್ಲಿ ಎತ್ತುಗಳಿಗೆ ಮೇವಿನ ಜೋಳ, ಒಂದಿಷ್ಟು ತರಕಾರಿ. ಮಳೆಯ ಹೊಲದಲ್ಲಿ ಮೂರು ಎಕರೆ ಶೇಂಗಾ, ಎಂಟು ಸಾಲಿಗೊಂದು ತೊಗರಿ. ಉಳಿದ ಒಂದು ಎಕರೆಯ ಒಂದು ಮೂಲೆಯಲ್ಲಿ ಹೊಂಡ, ಮಿಕ್ಕದ್ದಕ್ಕೆ ಸಾಮೆ. ಯಂತ್ರ ಹದಿನೆಂಟು ಕಿಲೋಮೀಟರ್ ದೂರದಲ್ಲಿದೆ, ವಿಚಾರಿಸಿದೆ. ಇದರಿಂದ ಬೆಂಗಳೂರಿನ ಸಂಬಳದಷ್ಟು ಬರುವುದಿಲ್ಲ ಎಂಬುದು ನನಗೆ ಗೊತ್ತು, ಯಾರೂ ಅದನ್ನು ಮತ್ತೆ ಹೇಳಬೇಡಿ.

@ಮಡಿಲು ಅವರ ಮಾತನ್ನು ಅವ್ವನಿಗೆ ಓದಿ ಹೇಳಿದೆ. "ಹುಚ್ಚೆಳ್ಳು ಹಾಕುವುದಾದರೆ ಹೇಳು, ಚಟ್ನಿಪುಡಿ ಮಾಡಿ ಎಷ್ಟು ವರ್ಷವಾಯಿತು" ಎಂದಳು. ಅಂಚಿಗೆ ಹಾಕೋಣ ಎಂದು ಅಪ್ಪನೂ ಒಪ್ಪಿದರು. ಬೀಜಕ್ಕಾಗಿ ಎರಡು ಸಂತೆ ತಿರುಗಿದೆ, ಎಲ್ಲಿಯೂ ಇಲ್ಲ. ಯಾರಲ್ಲಾದರೂ ಇದೆಯೇ?

ಕುರಿದೊಡ್ಡಿ

ಹಿರಿಯೂರು ರಸ್ತೆಯ ಕಡೆ ಮಂದೆ ಬಿಟ್ಟಾಗ ಒಂದು ಹೊಲದಲ್ಲಿ ಹಳದಿ ಹೂ ಕಂಡಿದ್ದೆ. ಕೇಳಿ ಹೇಳುತ್ತೇನೆ.

ಮಡಿಲು

ಕೇಳುವುದು ಬೇಡ, ನಮ್ಮತ್ತೆ ಇಟ್ಟದ್ದು ಎರಡು ಸೇರು ಗುಡಾಣದಲ್ಲಿ ಬೂದಿ ಬೆರೆಸಿದೆ. ಮೂರು ವರ್ಷದ ಹಳೆಯದು. ಮೊದಲು ಒದ್ದೆ ಬಟ್ಟೆಯಲ್ಲಿ ನೂರು ಕಾಳು ಕಟ್ಟಿ ಮೊಳೆ ನೋಡುತ್ತೇನೆ. ಐವತ್ತಕ್ಕಿಂತ ಹೆಚ್ಚು ಮೊಳೆತರೆ ಸೋಮವಾರದ ಸಂತೆಗೆ ತರುತ್ತೇನೆ, ಚೀಲ ತನ್ನಿ.